ಆರು-ಒಂದು ಮಣ್ಣು ಕೊನೆಗೂ ನಿಂತಿತು

ಹನ್ನೆರಡನೇ ಮಡಕೆ ಸೋರಲಿಲ್ಲ. ಈ ಒಂದು ಮಾತು ಹೇಳೋಕೆ ನನಗೆ ಎರಡು ವರ್ಷ ಹಿಡಿಯಿತು. ದುಡ್ಡು ಸುಮಾರು 3,000 ಯುವಾನ್, ನಮ್ಮ ಲೆಕ್ಕದಲ್ಲಿ 35,000 ರೂಪಾಯಿ ಹತ್ತಿರ. ಹೆಂಡತಿಗೆ ಅರ್ಧ ಲೆಕ್ಕ ಮಾತ್ರ ಗೊತ್ತು.

ನಾನಿರೋದು ಚೀನಾದ ಫೋಶಾನ್‌ನಲ್ಲಿ, ಟೈಲ್ಸ್ ಕ್ವಾಲಿಟಿ ನೋಡುವ ಕೆಲಸ. ಇಲ್ಲಿಂದ ಅರ್ಧ ದಿನ ಸಾಕು, ಲೋಫು ಬೆಟ್ಟಕ್ಕೆ ಹೋಗಿಬರಬಹುದು. ಸುಮಾರು 1,700 ವರ್ಷದ ಹಿಂದೆ ಗೆ ಹೊಂಗ್ ಎಂಬ ಚೀನೀ ರಸವಾದಿ ಅಮರತ್ವದ ಗುಳಿಗೆಗಾಗಿ ಒಲೆ ಹೂಡಿದ್ದು ಅಲ್ಲೇ. ಅಲ್ಲಿನ ದಾವೊ ಪಂಥದ ಗುಡಿಯಲ್ಲಿ ಅವನದೇ ಅಂತ ಒಂದು ಕಲ್ಲಿನ ಒಲೆ ತೋರಿಸುತ್ತಾರೆ. ಅದನ್ನು ನೋಡಿ ಬಂದ ಮೇಲೆ ನನಗೆ ಹಿಡಿದದ್ದು ಗುಳಿಗೆಯ ಹುಚ್ಚಲ್ಲ, ಮಡಕೆ ಬಾಯಿ ಮುಚ್ಚುವ ಹುಚ್ಚು. ಅವನ 'ಬಾವೊಪುಜಿ' ಪುಸ್ತಕದಲ್ಲಿ ಬರುವ, ಮಡಕೆ ಬಾಯಿಗೆ ಮೆತ್ತುವ 'ಆರು-ಒಂದು ಮಣ್ಣು' ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ?

ಆಯುರ್ವೇದದ ಪುಟ ಹಾಕಿ, ಅಂದರೆ ಔಷಧಿಯನ್ನು ಮುಚ್ಚಿದ ಮಡಕೆಯಲ್ಲಿಟ್ಟು ಸುಟ್ಟು, ಅಭ್ಯಾಸ ಇರುವವರಿಗೆ ಶೀಲೆಮಣ್ಣಿನ (ಮಣ್ಣು ಮೆತ್ತಿದ ಬಟ್ಟೆ ಸುತ್ತಿ ಬಾಯಿ ಮುಚ್ಚೋದು) ಕಥೆ ಹೇಳಬೇಕಿಲ್ಲ. ಇದೂ ಅದೇ ಕೆಲಸ. ಎರಡು ಮಡಕೆ ಬಾಯಿಗೆ ಬಾಯಿ ಕೂಡಿಸಬೇಕು, ಒಳಗಿನ ಹೊಗೆ ಹೊರಗೆ ಹೋಗಬಾರದು. ಗೆ ಹೊಂಗ್ ಕೊಡುವ ಪಟ್ಟಿಯಲ್ಲಿ ಮನಃಶಿಲೆ (ಆರ್ಸೆನಿಕ್ ಇರುವ ಕೆಂಪು ಖನಿಜ) ನೀರು, ಪಟಿಕದ ನೀರು, ಎರಡು ಥರದ ಉಪ್ಪು, ಪಾಷಾಣದ ಕಲ್ಲು, ಸಿಂಪಿ ಚಿಪ್ಪು, ಕೆಂಪು ಜೇಡಿ, ಬಳಪದ ಕಲ್ಲು, ಸೀಸದ ಬಿಳಿಪುಡಿ ಇವೆ. ಎಣಿಸಿದರೆ ಏಳು ದಾಟುತ್ತದೆ, ಹೆಸರು ಮಾತ್ರ ಆರು-ಒಂದು! ಮನಃಶಿಲೆ, ಪಾಷಾಣ, ಸೀಸ ಮೂರನ್ನೂ ಬಿಟ್ಟೆ. ಸಾಯದೇ ಇರೋಕೆ ಹೊರಟು ಅದರಲ್ಲೇ ಸಾಯೋದು ಬೇಡ ಅಂತ. ಉಳಿದದ್ದು ಆರು. ಕಲಸೋಕೆ ವಿನೆಗರ್ ಒಂದು. ನನ್ನ ಲೆಕ್ಕ ಸರಿಹೋಯ್ತು.

ಪಾದರಸವನ್ನೂ ಮುಟ್ಟಿಲ್ಲ, ನೀವೂ ಮುಟ್ಟಬೇಡಿ. ತಾಂಗ್ ವಂಶದ ದೊರೆ ವೂಜೋಂಗ್ 846ರಲ್ಲಿ ಸತ್ತದ್ದು ಇಂಥ ಗುಳಿಗೆ ತಿಂದೇ. ಆಮೇಲೆ ಪಟ್ಟಕ್ಕೆ ಬಂದ ಅವನ ಚಿಕ್ಕಪ್ಪನಾದರೂ ಬುದ್ಧಿ ಕಲಿತನಾ? 859ರಲ್ಲಿ ಅವನೂ ಅದೇ ದಾರಿ ಹಿಡಿದ. ನನ್ನ ಪರೀಕ್ಷೆಗೆ ಪಾತ್ರೆಗೆ ಕಲಾಯಿ ಹಾಕುವಾಗ ಉದುರಿಸುತ್ತಾರಲ್ಲ, ಆ ನವಸಾಗರ ಸಾಕಾಯಿತು. ಕಾಯಿಸಿದರೆ ಕರಗೋದಿಲ್ಲ, ಬಿಳಿ ಹೊಗೆಯಾಗಿ ಎದ್ದು ತಣ್ಣಗಿರುವ ಕಡೆ ಕೂರುತ್ತದೆ. 200 ಗ್ರಾಂ ಹಾಕು, ಕೊನೆಗೆ ಮೇಲಿನ ಮಡಕೆಯಿಂದ ಎಷ್ಟು ಸಿಕ್ಕಿತು ತೂಗು. ಇದರಲ್ಲಿ ಮಣ್ಣು ಸುಳ್ಳು ಹೇಳೋಕಾಗಲ್ಲ.

ಬಳಪದ ಪುಡಿ, ಜೇಡಿ ಫ್ಯಾಕ್ಟರಿಗಳ ಸ್ಯಾಂಪಲ್ ಚೀಲದಲ್ಲೇ ಸಿಕ್ಕವು. ಚಿಪ್ಪು ರಾತ್ರಿ ಅಂಗಡಿಯಿಂದ ಪುಕ್ಕಟೆ. ಬೆಳ್ಳುಳ್ಳಿ ಹಾಕಿ ಸುಟ್ಟ ಸಿಂಪಿ ಇಲ್ಲಿ ರಾಶಿ ರಾಶಿ ತಿನ್ನುತ್ತಾರೆ. ದುಡ್ಡು ತಿಂದದ್ದು ಸೂಪ್ ಮಾಡುವ ಮಣ್ಣಿನ ಮಡಕೆಗಳು ಮತ್ತು ಶಾಖ ಅಳೆಯುವ ಎರಡು ಥರ್ಮೋಕಪಲ್. ಆಮೇಲೆ ತಾರಸಿಯ ಹೊಗೆಗೆ ಕಟ್ಟಿದ ದಂಡ.

ಮೊದಲ ನಾಲ್ಕು ಮಡಕೆ ಒಣಗಿಸುವಾಗಲೇ ಹೋದವು. ಹಳೆ ವಿಧಾನದಲ್ಲಿ ಮಣ್ಣು ಮೆತ್ತಿ ಹತ್ತು ದಿನ ಬಿಸಿಲಿಗಿಡು ಅಂತಿದೆ. ನಾನು ಶುರು ಮಾಡಿದ್ದು ಮಾರ್ಚ್‌ನಲ್ಲಿ. ಆಗ ಗುವಾಂಗ್‌ಡಾಂಗ್ ಕಡೆ ಗೋಡೆ, ನೆಲ ಎಲ್ಲಾ ನೀರು ಬಿಡುತ್ತವೆ, ಬಟ್ಟೆ ವಾರವಾದರೂ ಒಣಗಲ್ಲ. ಮೇಲೆ ಒಣಗಿದಂತೆ ಕಂಡ ಮಣ್ಣು ಒಳಗೆ ಹಸಿ ಇತ್ತು. ಬೆಂಕಿ ತಾಗಿದ್ದೇ ತಡ, ಚಕ್ಕೆ ಎದ್ದು ಹಾರಿತು.

ಐದರಿಂದ ಎಂಟು ಇನ್ನೂ ಕೆಟ್ಟವು. ಒಲೆ ಕಾಯುತ್ತಿದ್ದಂತೆ ಮೂಗು ಸುಡುವ ಅಮೋನಿಯಾ ವಾಸನೆ. 200 ಗ್ರಾಂನಲ್ಲಿ ವಾಪಸ್ ಬಂದದ್ದು 60-70. ಮಾರನೇ ದಿನ ನೋಡಿದರೆ ಮಣ್ಣು ಬೆವರಿ ಅಂಟಂಟು. ತಪ್ಪು ಮಣ್ಣಿನದಲ್ಲ, ನನ್ನದು. ಚಿಪ್ಪಿನ ಸುಣ್ಣಕ್ಕೂ ನವಸಾಗರಕ್ಕೂ ಆಗಿಬರಲ್ಲ ಅನ್ನೋದು ಟೈಲ್ಸ್‌ನವನಾಗಿ ನನಗೆ ಮೊದಲೇ ಹೊಳೀಬೇಕಿತ್ತು. ಒಳಗಿನ ಲೇಪಕ್ಕೆ ಬರೀ ಜೇಡಿ, ಬಳಪ, ಪಟಿಕ ಹಾಕಿ, ಚಿಪ್ಪನ್ನು ಹೊರಗಿನ ಲೇಪಕ್ಕೆ ಮಾತ್ರ ಇಟ್ಟೆ. ಅಲ್ಲಿಂದ ದಾರಿ ತಿರುಗಿತು. ಚಿಪ್ಪಿಗೂ ಜೇಡಿಗೂ ಎಷ್ಟೆಷ್ಟು, ವಿನೆಗರ್‌ನಲ್ಲಿ ಎಷ್ಟು ದಿನ ಹುದುಗಿಟ್ಟೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ನಮ್ಮ ಶೀಲೆಮಣ್ಣನ್ನೂ ಪಂದ್ಯಕ್ಕೆ ಬಿಟ್ಟೆ. ಹಳೆ ಕಾಟನ್ ಪಂಚೆ, ಏಳು ಸುತ್ತು. ಅಭಿಮಾನ ಇದೆ, ಆದರೂ ಹೇಳಬೇಕು: 120 ಗ್ರಾಂ ಬಂತು ಅಷ್ಟೇ. ಕಟ್ಟಿದ ಕೈ ನನ್ನದು, ಪಳಗಿದ ಪಂಡಿತರದಲ್ಲ ಅನ್ನೋದೂ ನಿಜ.

ಬೆಂಕಿಯಲ್ಲಿ ಮಾತ್ರ ಊರಿನ ಬುದ್ಧಿ ಗೆದ್ದಿತು. ಹಳೆ ರಸವಾದದ ಪುಸ್ತಕ ಕುದುರೆ ಲದ್ದಿ, ಭತ್ತದ ಹೊಟ್ಟಿನ ಬೆಂಕಿ ಹೇಳುತ್ತದೆ. ಇದ್ದಿಲಿನಲ್ಲಿ ಶಾಖ ಏರಿಳಿದು ಎರಡು ಮಡಕೆ ಸೀಳಿದ್ದವು. ಎಣ್ಣೆ ಡ್ರಮ್ ಕತ್ತರಿಸಿ, ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ದಮ್ಮಸು ಮಾಡಿ ಬಾಟಲಿ ಎಳೆದೆ. ನಮ್ಮಜ್ಜಿ ನೀರು ಕಾಯಿಸುತ್ತಿದ್ದ ಅದೇ ಹೊಟ್ಟಿನ ಒಲೆ. ಹೆಚ್ಚುಕಮ್ಮಿ 400 ಡಿಗ್ರಿಗೆ ಬಂದು ಅಲ್ಲೇ ನಿಂತಿತು, ಗಂಟೆಗಟ್ಟಲೆ.

ನಗುವವರಿಗೇನು ಕಮ್ಮಿ ಇರಲಿಲ್ಲ. ಸಹೋದ್ಯೋಗಿಗಳು ನನ್ನನ್ನು 'ಚಿರಂಜೀವಿ' ಅಂತ ಕರೆದರು. ಗುಡಿಯಲ್ಲಿದ್ದ ಒಬ್ಬ ಸಾಧು, 'ಹೊರಗಿನ ಒಲೆ ಯಾಕಪ್ಪಾ, ಒಲೆ ಹೊಟ್ಟೆಯೊಳಗೇ ಇದೆ' ಅಂದರು. ಅದೂ ಹಳೇ ವಾದವೇ. ದಾವೊ ಪಂಥದ ಝಾಂಗ್ ಬೋದುವಾನ್ 1075ರ ಹೊತ್ತಿಗೆ ಸೀಸ-ಪಾದರಸ ಎಲ್ಲಾ ಮೈಯೊಳಗಿನದೇ ಅಂತ ಪದ್ಯ ಕಟ್ಟಿದ್ದ. ಆದರೆ ನಂಬದವರು ಆಡಿಕೊಂಡರೆ ಗುಳಿಗೆ ಕೂಡೋದೇ ಇಲ್ಲ ಅಂತ ಗೆ ಹೊಂಗ್ ಬರೆದಿಟ್ಟಿದ್ದಾನೆ. ಹನ್ನೊಂದು ಸಲ ಸೋತಾಗ ನನಗೆ ಇದಕ್ಕಿಂತ ಒಳ್ಳೆ ನೆಪ ಬೇಕಿತ್ತಾ? ಪಾಪ, ಅವನಿಗೂ ದುಡ್ಡಿನದೇ ಕಷ್ಟ. ವಿಧಾನ ಕೈಗೆ ಬಂದು 20 ವರ್ಷ ದಾಟಿದೆ, ಮಾಡಲು ಕಾಸಿಲ್ಲ, ನಿಟ್ಟುಸಿರೇ ಗತಿ ಅಂದುಕೊಂಡಿದ್ದಾನೆ.

ಅದೇ ಸಾಧು ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿದಿದೆ. ದಾವೊ ಪಂಥದ ಹಳೆ ಗ್ರಂಥ 'ಝುವಾಂಗ್‌ಜಿ'ಯಲ್ಲಿ ಒಂದು ಕಥೆ ಇದೆ. ಹುಂದುನ್ ಎಂಬ ದೊರೆಗೆ ಕಣ್ಣು, ಕಿವಿ, ಮೂಗು, ಬಾಯಿ ಇಲ್ಲ. ಉಪಕಾರ ಮಾಡೋಣ ಅಂತ ಗೆಳೆಯರಿಬ್ಬರು ದಿನಕ್ಕೊಂದು ತೂತು ಕೊರೆದರು. ಏಳನೇ ದಿನ ಹುಂದುನ್ ಸತ್ತ. 'ಆರು ಕೂಡಿಸು ಒಂದು ಏಳಲ್ವಾ? ಆ ಏಳು ತೂತು ಮುಚ್ಚೋ ಮಣ್ಣು ಇದು' ಅಂದರು. ಮಡಕೆ ಒಳಗೆ ಜಗತ್ತು ಇನ್ನೂ ಒಡೆಯದೇ ಇದ್ದ ಸ್ಥಿತಿಗೆ ವಾಪಸ್ ಹೋಗಬೇಕಂತೆ. ಅದಾದ ಮೇಲೆ ನಾನು ಕೂದಲೆಳೆ ಬಿರುಕನ್ನೂ ಟಾರ್ಚ್ ಹಿಡಿದು ಹುಡುಕಿ ಮುಚ್ಚಿದೆ.

ಹನ್ನೆರಡನೆಯದನ್ನು ಅಕ್ಟೋಬರ್‌ನ ಒಣಬಿಸಿಲಲ್ಲಿ ಹನ್ನೆರಡು ದಿನ ಇಟ್ಟೆ. ಗೆ ಹೊಂಗ್‌ಗೆ 36 ದಿನದ ಬೆಂಕಿ, ನನಗೆ ಒಂಬತ್ತು ಗಂಟೆ. ವಾಸನೆ ಬರಲಿಲ್ಲ. ಬೆಳಿಗ್ಗೆ ಸುತ್ತ ಕೆತ್ತಿ ಮೇಲಿನ ಮಡಕೆ ಎತ್ತಿದರೆ ಒಳಮೈ ತುಂಬ ಬಿಳಿ ಹರಳು, ಫ್ರಿಜ್‌ನ ಹಿಮದ ಥರ. ಕೋಳಿ ಗರಿಯಲ್ಲಿ ಗುಡಿಸಿ ತೂಗಿದೆ. 180ರ ಮೇಲಿತ್ತು. ಕೆಳಮನೆಯ ಅಜ್ಜನನ್ನು ಕರೆದು ಅವರ ಕೈಯಲ್ಲೂ ತೂಗಿಸಿದೆ.

ಹೋದ ವಾರ 'ಚಿರಂಜೀವಿ' ಅಂತಿದ್ದವನೇ ಬಂದಿದ್ದ. ಅವನ ಸಣ್ಣ ಟೆಸ್ಟ್ ಕಿಲನ್‌ನ (ಟೈಲ್ಸ್ ಸುಡುವ ಗೂಡು) ಬಾಗಿಲಲ್ಲಿ ಬಿಸಿ ಸೋರುತ್ತಿದೆಯಂತೆ. ಒಂದು ಬೋಗುಣಿ ಮಣ್ಣು ಕೊಟ್ಟೆ, 50 ಯುವಾನ್ ಇಸಕೊಂಡೆ. ತಾರಸಿಗೆ ಇನ್ನೆರಡು ಮೂಟೆ ಹೊಟ್ಟು ಬಂದಿದೆ. ಈ ಸಲ ಒಂಬತ್ತು ದಿನ ಉರಿಸಬೇಕು.