ಅಪ್‌ಡೇಟ್‌ಗೆ ಹೆದರಿ ಇಟ್ಟಿದ್ದ ಪಿಎಸ್‌ಪಿ

ನನ್ನ ಪಿಎಸ್‌ಪಿ-3000, ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಮಷಿನ್, ಬಹಳ ವರ್ಷ ಫರ್ಮ್‌ವೇರ್‌ನ (ಒಳಗಿನ ಮೂಲ ಸಾಫ್ಟ್‌ವೇರ್‌ನ) 5.03 ವರ್ಷನ್‌ನಲ್ಲೇ ನಿಂತಿತ್ತು. ಬೇಕಂತಲೇ ನಿಲ್ಲಿಸಿದ್ದೆ. ಸೋನಿ ಒಪ್ಪದ ಪ್ರೋಗ್ರಾಂಗಳನ್ನೂ ಓಡಿಸಲು ಬಿಡುವ ಚಿಕ್‌ಹೆನ್ ಅನ್ನುವ ಹ್ಯಾಕ್ 2009ರಲ್ಲಿ ಬಂದಾಗ ಅದಕ್ಕೆ ಬೇಕಾಗಿದ್ದು 5.03. ಒಂದು ಟಿಫ್ ಚಿತ್ರವನ್ನು ಫೋಟೋ ಫೋಲ್ಡರ್‌ಗೆ ಹಾಕಿ, ಫೋಲ್ಡರ್ ತೆರೆದು ಕಾಯಬೇಕು. ಹತ್ತಿದರೆ ಹತ್ತಿತು, ಇಲ್ಲಾಂದ್ರೆ ಹ್ಯಾಂಗ್ ಆಗುತ್ತಿತ್ತು, ಆಫ್ ಮಾಡಿ ಮತ್ತೆ ಮೊದಲಿಂದ ಶುರು. ಒಮ್ಮೊಮ್ಮೆ ಎಂಟು-ಹತ್ತು ಸಲ. ಆದರೂ ಧಾರವಾಡದ ಸಪ್ತಾಪುರದ ರೂಮಿನಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಸಂಜೆ, ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್ ಮಷಿನ್‌ನ ನನ್ನ ಹಳೇ ಆಟ ಪಿಎಸ್‌ಪಿ ಪರದೆ ಮೇಲೆ ಮೊದಲ ಸಲ ಓಡಿದಾಗ ಆದ ಖುಷಿ ಇನ್ನೂ ನೆನಪಿದೆ. ಅಪ್‌ಡೇಟ್ ಒತ್ತಿದರೆ ಇದೆಲ್ಲಾ ಹೋಗುತ್ತದೆ ಅನ್ನುವ ಭಯ ಆಗಲೇ ಕೂತಿದ್ದು.

ಮುಂದೆ ಒಂದು ಯುಎಂಡಿ, ಅಂದರೆ ಪಿಎಸ್‌ಪಿ ಆಟದ ಡಿಸ್ಕ್ ತಗೊಂಡೆ. ಹಾಕಿದ ಕೂಡಲೇ ಅಪ್‌ಡೇಟ್ ಕೇಳಿತು. ಅಪ್‌ಡೇಟ್ ಫೈಲ್ ಡಿಸ್ಕ್‌ನಲ್ಲೇ ಇರುತ್ತದೆ, ಇಂಟರ್‌ನೆಟ್ ಇಲ್ಲದಿದ್ದರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಇದು ಬರೀ ನಂಬರ್ ನೋಡಿ ತಡೆಯುವುದಾಗಿದ್ದರೆ ಕಸ್ಟಮ್ ಫರ್ಮ್‌ವೇರ್ (ಹವ್ಯಾಸಿಗಳು ತಿದ್ದಿದ ಫರ್ಮ್‌ವೇರ್) ಸುಳ್ಳು ನಂಬರ್ ತೋರಿಸಿ ದಾಟಿಸುತ್ತಿತ್ತು. ಆದರೆ ಫರ್ಮ್‌ವೇರ್‌ನ 6ರ ಸರಣಿ ಬಂದ ಮೇಲಿನ ಆಟಗಳಿಗೆ ಹೊಸ ಕೀ ಹಾಕಿ ಬೀಗ ಹಾಕಿದ್ದರು. ಆ ಕೀ ಹಳೇ ಫರ್ಮ್‌ವೇರ್‌ನಲ್ಲಿ ಇರಲೇ ಇಲ್ಲ. ಡಿಸ್ಕನ್ನು ಕಪಾಟಿನಲ್ಲಿಟ್ಟೆ.

ಕಳೆದ ದಸರಾ ರಜೆಯಲ್ಲಿ ಅಣ್ಣನ ಮಗನಿಗೆ ಪಿಎಸ್‌ಪಿ, ಡಿಸ್ಕ್ ಎರಡೂ ಸಿಕ್ಕವು. "ಕಾಕಾ, ಇದು ಅಪ್‌ಡೇಟ್ ಕೇಳಾಕತ್ತೈತಿ, ಹೂಂ ಅನ್ನಲಾ?" ಅಂದ. ಬೇಡ ಅಂತ ಕೂಗಿಯೇಬಿಟ್ಟೆ. ಆಮೇಲೆ ಕೂತು ಯೋಚಿಸಿದೆ. ಪಿಎಸ್‌ಪಿಗೆ ಬಂದ ಕೊನೆಯ ಫರ್ಮ್‌ವೇರ್ 6.61, ಅದೂ 2015ರಲ್ಲಿ. ಅದಾದ ಮೇಲೆ ಇನ್ನೊಂದು ಬಂದಿಲ್ಲ. ಈಗಿನ ಒಳ್ಳೆಯ ಕಸ್ಟಮ್ ಫರ್ಮ್‌ವೇರ್‌ಗಳು ಕೇಳುವುದೂ 6.60 ಇಲ್ಲವೇ 6.61 ಅನ್ನೇ. ಯಾವ ಬಾಗಿಲು ಮುಚ್ಚುತ್ತದೆ ಅಂತ ಹೆದರಿದ್ದೆನೋ ಒಳಗೆ ಹೋಗಲು ಈಗ ಅದೇ ಬಾಗಿಲು.

ಆದರೆ ಬ್ಯಾಟರಿ ಉಬ್ಬಿತ್ತು. ಅದನ್ನು ಚಾರ್ಜ್ ಮಾಡಲೇಬಾರದು, ಚುಚ್ಚಲೂಬಾರದು, ತೆಗೆದು ಪಕ್ಕಕ್ಕಿಡಿ. ಬ್ಯಾಟರಿ ಇಲ್ಲದೆ ಬರೀ ಚಾರ್ಜರ್ ಮೇಲೆ ಆಟ ಆಡಬಹುದು, ಅಪ್‌ಡೇಟ್ ಮಾತ್ರ ಆಗುವುದಿಲ್ಲ. ಅದಕ್ಕೆ ಚಾರ್ಜ್ ಆದ ಬ್ಯಾಟರಿಯೂ ಬೇಕು, ಚಾರ್ಜರೂ ಸಿಕ್ಕಿಸಿರಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ ಅಂತ ನೋಡಿದರೆ ಈ ನಿಯಮ ಸರಿಯೇ ಅಲ್ವಾ. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ, ಕೊಪ್ಪಿಕರ್ ರೋಡಿನ ಅಕ್ಕಪಕ್ಕ ನಾಲ್ಕೈದು ಅಂಗಡಿ ತಿರುಗಿ ಒಂದು ಬ್ಯಾಟರಿ ತಂದೆ.

ಮೊದಲು ಮೆಮೊರಿ ಕಾರ್ಡ್ ಪೂರ್ತಿ ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡೆ. ಸೇವ್ ಫೈಲ್ ಹೋದರೆ ಹೋದವೇ. ನಂತರ ಪಿಎಸ್‌ಪಿ ಫೋಲ್ಡರ್, ಅದರೊಳಗೆ ಗೇಮ್, ಅದರೊಳಗೆ ಅಪ್‌ಡೇಟ್ ಅಂತ ಫೋಲ್ಡರ್ ಮಾಡಿ 6.61ರ ಫೈಲ್ ಹಾಕಿ ಓಡಿಸಿದೆ. ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಮಷಿನ್ ಮುಟ್ಟಬೇಡಿ.

ಆಮೇಲೆ ಆರ್ಕ್-4 ಅನ್ನುವ ಕಸ್ಟಮ್ ಫರ್ಮ್‌ವೇರ್. ಇದರಲ್ಲಿ ಎರಡು ಫೋಲ್ಡರ್. ಅದನ್ನು ಶುರುಮಾಡುವ ಲೋಡರ್ ಗೇಮ್ ಫೋಲ್ಡರ್‌ಗೆ, ಆರ್ಕ್_01234 ಅನ್ನುವುದು ಸೇವ್‌ಡೇಟಾ ಫೋಲ್ಡರ್‌ಗೆ. ನಾನು ಎರಡನ್ನೂ ಗೇಮ್‌ನಲ್ಲೇ ಹಾಕಿ ಅರ್ಧ ಗಂಟೆ ಕಳೆದೆ. ಪೂರ್ತಿ ಆಫ್ ಮಾಡಿದಾಗೆಲ್ಲ ಲೋಡರ್ ಮತ್ತೆ ಒಂದು ಸಲ ಓಡಿಸಬೇಕು. ಹಾಗಾಗಿ ಸ್ವಿಚ್ಚನ್ನು ಹಿಡಿದಿಡದೆ ಸುಮ್ನೆ ಒಮ್ಮೆ ತಳ್ಳಿ ಬಿಡಿ, ಮಷಿನ್ ಮಲಗುತ್ತದೆ ಅಷ್ಟೇ. ಶಾಶ್ವತವಾಗಿ ಕೂರಿಸುವ ದಾರಿಯೂ ಇದೆ. ಅದು ಒಳಗಿನ ಫ್ಲ್ಯಾಶ್ ಮೆಮೊರಿಯನ್ನೇ ತಿದ್ದುತ್ತದೆ, ನನಗೆ ಅಷ್ಟು ಅಪಾಯ ಬೇಕಿರಲಿಲ್ಲ.

ಎಮ್ಯುಲೇಶನ್‌ಗೆ, ಅಂದರೆ ಗೇಮ್ ಬಾಯ್ ಅಡ್ವಾನ್ಸ್ ಆಟಗಳನ್ನು ಪಿಎಸ್‌ಪಿಯಲ್ಲಿ ಓಡಿಸಲು, ಜಿಪಿಎಸ್‌ಪಿ ಅನ್ನುವ ಪ್ರೋಗ್ರಾಂ ಹಾಕಿದೆ. ಗೇಮ್ ಬಾಯ್ ಅಡ್ವಾನ್ಸ್‌ನ ಬಯಾಸ್ ಫೈಲ್ (ಆ ಮಷಿನ್‌ನ ಮೂಲ ಪ್ರೋಗ್ರಾಂ), 16 ಕೆಬಿಯದು, ಅದರ ಫೋಲ್ಡರ್‌ನಲ್ಲೇ ಇರಬೇಕು. ಓಡಿಸುವುದು ನನ್ನ ಹತ್ತಿರ ಕಾರ್ಟ್ರಿಜ್ ಇರುವ ಆಟಗಳನ್ನು ಮಾತ್ರ. ಪ್ರೊಸೆಸರ್ ವೇಗ 333 ಮೆಗಾಹರ್ಟ್ಸ್‌ಗೆ ಇಟ್ಟರೆ ತಡವರಿಸುವುದಿಲ್ಲ. 240x160ರ ಚಿತ್ರವನ್ನು ಎತ್ತರಕ್ಕೆ ಸರಿಹೊಂದಿಸಿ, ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಪರದೆ ತುಂಬಾ ಎಳೆದರೆ ಮುಖಗಳೆಲ್ಲ ಅಗಲವಾಗಿ ಕಾಣುತ್ತವೆ, ನನಗಂತೂ ನೋಡಲಾಗುವುದಿಲ್ಲ.

ಕಪಾಟಿನ ಡಿಸ್ಕ್ ಈ ಸಲ ಏನೂ ಕೇಳದೆ ಶುರುವಾಯಿತು. ಅದನ್ನು ಹುಡುಗನೇ ಮೊದಲು ಆಡಲಿ ಅಂತ ಬಿಟ್ಟೆ.