ಅಡಿಕೆ ಡ್ರೈಯರ್‌ನಲ್ಲಿ ನುಗ್ಗೆಸೊಪ್ಪು

ಜೂನ್ ತಿಂಗಳಲ್ಲಿ ನುಗ್ಗೆಸೊಪ್ಪು ಒಣಗಿಸ್ತೇನೆ ಅಂದಾಗ ನಮ್ಮ ಸಂಘದ ಹೆಂಗಸರೆಲ್ಲ ನಕ್ಕಿದ್ದರು. "ಒಗೆದ ಬಟ್ಟೆಯೇ ಮೂರು ದಿನವಾದ್ರೂ ಒಣಗ್ತಿಲ್ಲ, ನಿಂಗೆ ಎಂತ ಮಾರಾಯ್ತಿ?" ಶಿರಸಿ ಸೀಮೆಯ ಮಳೆ ಗೊತ್ತಿದ್ದವರು ನಗಲೇಬೇಕು.

ನಾನು ಶುರು ಮಾಡಿದ್ದು ಮಗಳಿಗಾಗಿ. ಎಂಟನೇ ಕ್ಲಾಸಿನಲ್ಲಿ ಅವಳ ಹಿಮೋಗ್ಲೋಬಿನ್ 9ರ ಆಸುಪಾಸು ಇತ್ತು, ಅಂದರೆ ರಕ್ತ ಕಡಿಮೆ. ನುಗ್ಗೆಸೊಪ್ಪಿನಲ್ಲಿ ಕಬ್ಬಿಣ ಇದೆಯಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ನೀಲಿ ಮಾತ್ರೆ ಕಿಟಕಿಯಾಚೆ ಹೋಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಅದನ್ನು ಓದಿದಾಗ ಬೇರೆಯವರ ಮನೆ ಕಥೆ ಅಂದುಕೊಂಡಿದ್ದೆ.

ಮೊದಲು ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಹರವಿದೆ. ಒಣಗಿತು, ಆದರೆ ಪುಡಿ ಪೂರಾ ಹೊಗೆ ವಾಸನೆ. ಮುಂದಿನ ಮೇ ತಿಂಗಳಲ್ಲಿ ಬಿಸಿಲಿಗೆ ಹಾಕಿದೆ. ಸೊಪ್ಪು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಬಿಸಿಲಿಗೆ ಎ ಜೀವಸತ್ವವೂ ಹಾಳು. ಮೂರನೇ ಸಲ ಸಾಲ ಮಾಡಿ ಕರೆಂಟಿನ ಮಷಿನ್ ತಂದೆ, ಸುಮಾರು 16 ಸಾವಿರ. ನಮ್ಮೂರ ವೋಲ್ಟೇಜಿಗೆ ಅದು ಗುಂಯ್ ಅನ್ನುತ್ತಲೇ ಇತ್ತು. ಏಳು ಸಾವಿರಕ್ಕೆ ಮಾರಿದೆ. ಆಯಿ ಇವತ್ತಿಗೂ ಆ ಒಂಬತ್ತು ಸಾವಿರದ ಮಾತು ತೆಗೆಯುತ್ತಾರೆ.

ಕೊನೆಗೆ ಕಣ್ಣಿಗೆ ಬಿದ್ದಿದ್ದು ಪಕ್ಕದ ಮನೆಯ ಅಡಿಕೆ ಡ್ರೈಯರ್. ಜೂನ್, ಜುಲೈನಲ್ಲಿ ಸುಮ್ನೆ ಬಿದ್ದಿರುತ್ತದೆ. ಬೆಂಕಿ ಕೆಳಗೆ, ಹೊಗೆ ಕೊಳವೆಯಲ್ಲಿ ಹೊರಗೆ, ಒಳಗೆ ಬರೀ ಬಿಸಿ ಗಾಳಿ. ಮೊದಲ ದಿನ ಎಲೆಗಳು ತಟ್ಟೆಯ ಸಂದಿಯಿಂದ ಉದುರಿ ಕರಟಿದವು. ಹಳೇ ಸೊಳ್ಳೆ ಪರದೆ ಕತ್ತರಿಸಿ ಹಾಸಿದೆ, ನಿಂತಿತು. ಅಡಿಕೆಯ ಕಾವು ಸೊಪ್ಪಿಗೆ ಜಾಸ್ತಿ. 50 ಡಿಗ್ರಿ ಹತ್ತಿರ ಇರಬೇಕು. ಸೌದೆಯಲ್ಲಿ ಅದನ್ನು ಹಿಡಿದಿಡುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಕೈಯಲ್ಲಿ ಹಿಸುಕಿದರೆ ಎಲೆ ಚರಚರ ಪುಡಿಯಾಗಬೇಕು, ಆದರೂ ಹಸಿರಾಗಿಯೇ ಇರಬೇಕು. ಕಡ್ಡಿ ಸಮೇತ ಎಂಟೊಂಬತ್ತು ಕಿಲೋ ಸೊಪ್ಪಿಗೆ ಒಂದು ಕಿಲೋ ಪುಡಿ ಸಿಗುತ್ತದೆ.

ಪುಡಿ ಆಯಿತು, ತಿನ್ನುವವರು ಬೇಕಲ್ವಾ? ರಾಗಿ ಮಾಲ್ಟಿಗೆ ಬೆರೆಸಿದೆ. ಮಗಳು ಒಂದು ಗುಟುಕು ಕುಡಿದು ಲೋಟವನ್ನು ಅಕ್ಕಚ್ಚಿನ ಬಾನಿಗೆ ಸುರಿದಳು. ಎಮ್ಮೆ ಮಾತ್ರ ಖುಷಿಯಾಗಿ ಕುಡಿಯಿತು. ಆಮೇಲೆ ಕೊಬ್ಬರಿ, ಒಣಮೆಣಸು, ಒಣ ಮುರುಗಲು ಸಿಪ್ಪೆ ಹಾಕಿ ಚಟ್ನಿಪುಡಿ ಮಾಡಿದೆ. ಕಹಿ ಮುಚ್ಚಲು ಹುರಿಯುವಾಗ ಇನ್ನೊಂದು ಸಾಮಾನು ಬೀಳುತ್ತದೆ, ಹೆಸರು ಹೇಳುವುದಿಲ್ಲ. ತೆಳ್ಳೇವಿನ (ತೆಳು ದೋಸೆ) ಜೊತೆ ಈಗ ಕೇಳಿ ಹಾಕಿಸಿಕೊಳ್ಳುತ್ತಾಳೆ. ಊಟಕ್ಕೆ ಲಿಂಬೆಹಣ್ಣು ಹಿಂಡುತ್ತೇನೆ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಅದರ ಸಿ ಜೀವಸತ್ವ ನೆರವಾಗುತ್ತದೆ. ಕಬ್ಬಿಣಕ್ಕೆ ಅಡ್ಡ ಬರುತ್ತದೆಂದು ಊಟದ ಜೊತೆಗಿನ ಚಾ ಬಿಡಿಸಿದ್ದೇ ದೊಡ್ಡ ಜಗಳ.

ನಡುವೆ ಒಂದೆಲಗವನ್ನೂ ಒಣಗಿಸಿ ನೋಡಿದೆ. ಪರಿಮಳವೇ ಹೋಯಿತು. ತಂಬುಳಿಗೆ ಹಸಿಯದೇ ಸರಿ.

ಏಳೆಂಟು ತಿಂಗಳಿಗೆ ಮಗಳ ರಕ್ತ 11 ದಾಟಿತು. ಮಾತ್ರೆಯನ್ನು ಎದುರಿಗೆ ನಿಂತು ನುಂಗಿಸಿದ್ದೂ ಅದರಲ್ಲಿ ಸೇರಿದೆ. ಪುಡಿಯೊಂದೇ ಮಾಡಿತು ಅಂದರೆ ಸುಳ್ಳಾಗುತ್ತದೆ. ಕಳೆದ ಮಾರಿಕಾಂಬೆ ಜಾತ್ರೆಯಲ್ಲಿ ಚಟ್ನಿಪುಡಿಯ ನೂರು ಗ್ರಾಂ ಪೊಟ್ಟಣ 70 ರೂಪಾಯಿಗೆ ಇಟ್ಟಿದ್ದೆ. ಮುನ್ನೂರರ ಹತ್ತಿರ ಹೋದವು. ಸೌದೆ, ಕೊಬ್ಬರಿ, ಪೊಟ್ಟಣ ಕಳೆದು ಎಂಟು ಸಾವಿರ ಉಳಿದಿರಬೇಕು. ಮಷಿನ್ ನಷ್ಟ ಹೆಚ್ಚುಕಮ್ಮಿ ತೀರಿತು.

ಡ್ರೈಯರ್ ಮನೆಯ ಅಕ್ಕ ಈ ವರ್ಷದಿಂದ ದಿನಕ್ಕೆ ಇನ್ನೂರು ಬಾಡಿಗೆ ಅಂದಿದ್ದಾರೆ. ಅವತ್ತು ಜೋರಾಗಿ ನಕ್ಕವರಲ್ಲಿ ಅವರೂ ಒಬ್ಬರು.