ಹೇಳಿ ಬರೆಸುವುದೂ ಒಂದು ವಿದ್ಯೆ: ಮಗನ ಎಸ್ಸೆಸ್ಸೆಲ್ಸಿ, ನನ್ನ ಅನುಭವ

ಮಗನಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಬುದ್ಧಿ ಸರಿ ಇದ್ದರೂ ಓದು, ಬರಹ ಕಷ್ಟ. ಅವನು 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ. 625ಕ್ಕೆ 380ರ ಆಸುಪಾಸು, ಮೊದಲ ಸಲಕ್ಕೇ, ಎಲ್ಲಾ ವಿಷಯದಲ್ಲೂ. ಐದನೇ ಕ್ಲಾಸಿನಲ್ಲೇ "ಇವನು ಹತ್ತನೇದು ದಾಟಲ್ಲ, ಯಾವುದಾದರೂ ಗ್ಯಾರೇಜಿಗೆ ಬಿಡಿ" ಅಂದವರಿದ್ದರು. ಅದರಲ್ಲಿ ನಮ್ಮ ನೆಂಟರೇ ಜಾಸ್ತಿ. ನಾನು ಅಂಗವೈಕಲ್ಯದ ಸರ್ಟಿಫಿಕೇಟು, ಸ್ಕ್ರೈಬು (ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆದುಕೊಡುವವರು) ಎಂದು ಓಡಾಡುವಾಗ "ಚೆನ್ನಾಗಿರೋ ಹುಡುಗನಿಗೆ ಹಣೆಪಟ್ಟಿ ಕಟ್ಟಿಸ್ತಿದ್ದೀಯ" ಎಂದು ಬೈಸಿಕೊಂಡೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಮಕ್ಕಳಿರುವ ತಂದೆ-ತಾಯಿಗೆ ಡಿಸ್ಲೆಕ್ಸಿಯಾ ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ, ಮನೆಯಲ್ಲೇ ನೋಡಿರುತ್ತೀರಿ. ಮ ಇದ್ದ ಕಡೆ ವ, ದೀರ್ಘ ಇಲ್ಲ, ಒತ್ತಕ್ಷರ ಮಾಯ. "ಕತ್ತೆ" ಬರಿ ಅಂದರೆ "ಕತೆ". ಆದರೆ ಬಾಯಲ್ಲಿ ಕೇಳಿದರೆ ಇಡೀ ಪಾಠ ಒಪ್ಪಿಸುತ್ತಿದ್ದ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳುತ್ತೇನೆ. ನೆನಪಿನ ಶಕ್ತಿ ಹೆಚ್ಚಿಸುತ್ತೇವೆ ಅನ್ನುವ ಒಂದು ಕೋರ್ಸಿಗೆ 8,000 ರೂಪಾಯಿ ಕಟ್ಟಿದೆ. ಎರಡು ತಿಂಗಳಾದರೂ ಒಂದು ಒತ್ತಕ್ಷರವೂ ಸರಿ ಆಗಲಿಲ್ಲ. ಆಮೇಲೆ ಒಂದು ಖಾಸಗಿ ಕೇಂದ್ರದಲ್ಲಿ ಅಸೆಸ್‌ಮೆಂಟ್ ಮಾಡಿಸಿದೆ, ಸುಮಾರು 6,500. ಹನ್ನೆರಡು ಪುಟದ ಬಣ್ಣದ ರಿಪೋರ್ಟು ಕೊಟ್ಟರು. ಅದನ್ನು ಶಾಲೆಗೆ ಕೊಟ್ಟರೆ "ಇದು ನಡೆಯಲ್ಲ, ಸರ್ಕಾರಿ ಸಂಸ್ಥೆಯದ್ದು ತನ್ನಿ" ಅಂದರು. ದುಡ್ಡು ತಗೊಳ್ಳುವ ಮೊದಲು ಇದೊಂದು ಮಾತನ್ನು ಆ ಕೇಂದ್ರದವರು ಹೇಳಬಹುದಿತ್ತು ಅಲ್ವಾ? ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

2019ರಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆವು, ಅದು ಸರ್ಕಾರಿ ಸಂಸ್ಥೆ. ನಾವು ಇರುವುದು ಹಾಸನದ ಕಡೆ, ಬೆಳಿಗ್ಗೆ ಐದೂವರೆ ಬಸ್ಸು ಹಿಡಿದರೆ ಸಂಸ್ಥೆ ಇರುವ ಮಾನಸಗಂಗೋತ್ರಿಗೆ ಒಂಬತ್ತರ ಹೊತ್ತಿಗೆ. ಒಂದೇ ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ನಾಲ್ಕು ಸಲ ಹೋಗಬೇಕಾಯಿತು. ಕಣ್ಣು, ಕಿವಿ ಸರಿ ಇದೆ ಅನ್ನುವುದು ಮೊದಲು ಖಾತ್ರಿ ಆಗಬೇಕು. ಆಮೇಲೆ ಐಕ್ಯೂ, ಆಮೇಲೆ ಓದು, ಬರಹ, ಲೆಕ್ಕದ ಟೆಸ್ಟು. ಒಂದು ಸಲವಂತೂ ಹಳೆಯ ನೋಟ್‌ಬುಕ್ಕು, ಅಂಕಪಟ್ಟಿ ತರದೆ ಹೋಗಿ ಇಡೀ ದಿನ ವ್ಯರ್ಥ ಆಯಿತು. ಹಾಗಾಗಿ ಒಂದನೇ ಕ್ಲಾಸಿನಿಂದ ಹಿಡಿದು ಒಂದು ನೋಟ್‌ಬುಕ್ಕನ್ನೂ ರದ್ದಿಗೆ ಹಾಕಬೇಡಿ. ಕೆಂಪು ಇಂಕಿನಲ್ಲಿ ಟೀಚರ್ "ಗಮನವಿಲ್ಲ", "ಸೋಮಾರಿ" ಎಂದು ಬರೆದ ಪುಟಗಳೇ ನಮ್ಮ ಕೆಲಸಕ್ಕೆ ಬಂದವು. ಅಷ್ಟು ವರ್ಷದಿಂದ ತೊಂದರೆ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಐಕ್ಯೂ ನೂರರ ಮೇಲೆ ಬಂತು, ಅಂದರೆ ಬುದ್ಧಿಗೆ ಏನೂ ಕಮ್ಮಿ ಇಲ್ಲ. ಆ ಕಾಗದ ಹಿಡಿದುಕೊಂಡು ಮೈಸೂರು ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತಿದ್ದೇನೆ. ಖುಷಿಗೆ ಅತ್ತೆ, ಅವನಿಗೆ ಹೊಡೆದಿದ್ದನ್ನೆಲ್ಲ ನೆನೆಸಿಕೊಂಡೂ ಅತ್ತೆ.

ಒಂದು ವಿಷಯ ಬಹಳ ಜನ ಮರೆಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ 21 ಅಂಗವೈಕಲ್ಯಗಳಲ್ಲಿ ಒಂದು, ಅಷ್ಟು ಎಲ್ಲರಿಗೂ ಗೊತ್ತು. ಆದರೆ ನಾವು ಹೋದಾಗ ಇದ್ದ 2018ರ ಮಾರ್ಗಸೂಚಿ ಪ್ರಕಾರ 8 ವರ್ಷ ತುಂಬಿದ ಮೇಲಷ್ಟೇ ಸರ್ಟಿಫಿಕೇಟು, 14ಕ್ಕೆ ಮತ್ತೊಮ್ಮೆ, 18ಕ್ಕೆ ಇನ್ನೊಮ್ಮೆ ಮಾಡಿಸಬೇಕಿತ್ತು. ನಾವು ಮೊದಲು ಮಾಡಿಸಿದಾಗ ಮಗನಿಗೆ 12. ಅದನ್ನೇ ಹತ್ತನೇ ಕ್ಲಾಸಿಗೂ ಇಟ್ಟುಕೊಂಡಿದ್ದರೆ ಕೊನೇ ಗಳಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೆವು. 2021ರ ಕೊನೆಗೆ, ಕೊರೋನಾ ಗಲಾಟೆ ಸ್ವಲ್ಪ ಇಳಿದ ಮೇಲೆ, ಮತ್ತೆ ಮಾಡಿಸಿದೆ. ಸರ್ಟಿಫಿಕೇಟು ಕೊಡುವ ಮೆಡಿಕಲ್ ಬೋರ್ಡು ಕೂರುವ ದಿನ ಮೊದಲೇ ಕೇಳಿಕೊಂಡು ಹೋಗಿ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಆನ್‌ಲೈನಿನಲ್ಲಿ ಹಾಕಿದ ಮೇಲೆ ಕೈಗೆ ಬರಲು ಐದು ತಿಂಗಳಾದರೂ ಆಗಿರಬೇಕು.

ಮಧ್ಯದಲ್ಲಿ ಮನೆಯಲ್ಲಿ ಮಾಡಿದ ಪ್ರಯೋಗ ಒಂದೆರಡಲ್ಲ. ಪುಟದ ಮೇಲೆ ಹಳದಿ ಬಣ್ಣದ ಪಾರದರ್ಶಕ ಹಾಳೆ ಇಟ್ಟು ಓದಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಚಪಾತಿ ಹಿಟ್ಟಿನಲ್ಲಿ ಒತ್ತಕ್ಷರ ಮಾಡಿಸಿದೆ, ಅವನ ತಂಗಿ ಕಲಿತಳು, ಇವನು ಕಲಿಯಲಿಲ್ಲ. ಫಲ ಕೊಟ್ಟಿದ್ದು ಒಂದೇ. ಸಮಾಜ ವಿಜ್ಞಾನದ ಪಾಠ ಪೂರ್ತಿ ನಾನೇ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಕೊಟ್ಟೆ. ಪಾಠಕ್ಕೆ ಹತ್ತು–ಹದಿನೈದು ನಿಮಿಷ, ಹೊಲಿಗೆ ಮೆಷಿನ್ ನಿಲ್ಲಿಸಿ ರಾತ್ರಿ ಹನ್ನೊಂದಕ್ಕೆ ಕೂರುತ್ತಿದ್ದೆ. ಅವನು ಹಸುವಿಗೆ ಹುಲ್ಲು ಹಾಕುತ್ತಾ ಕೇಳುತ್ತಿದ್ದ. ಆ ವಿಷಯದಲ್ಲಿ 70ರ ಮೇಲೆ ಬಂತು.

ಈಗ ಮುಖ್ಯ ವಿಷಯ. ಸ್ಕ್ರೈಬ್ ಸಿಕ್ಕರೆ ಸಾಕು, ಮಗು ಪಾಸಾಗುತ್ತದೆ ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೊದಲ ಸಲ ಸ್ಕ್ರೈಬ್ ಕೂರಿಸಿದಾಗ ಇವನಿಗೆ ಸ್ವಂತ ಬರೆದಾಗಿನದಕ್ಕಿಂತ ಕಡಿಮೆ ಬಂತು. ಬಡಬಡ ಅಂತ ಹೇಳಿಬಿಡುತ್ತಿದ್ದ, ಬರೆಯುವ ಹುಡುಗ ಅರ್ಧ ಬಿಡುತ್ತಿದ್ದ, ಇವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಒಂದೇ ಉತ್ತರವನ್ನು ಎರಡು ಸಲ ಹೇಳಿದ್ದೂ ಇದೆ.

ಆಮೇಲೆ ಪ್ರತಿ ಭಾನುವಾರ ಮನೆಯಲ್ಲೇ ಪರೀಕ್ಷೆ ಇಟ್ಟೆ. ಆಗ ನಮ್ಮ ಕಡೆ ಬರೆಯುವ ಮಗು ಕೆಳಗಿನ ಕ್ಲಾಸಿನದ್ದೇ ಆಗಬೇಕಿತ್ತು. ಹಾಗಾಗಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಜುಲೈನಲ್ಲೇ ಒಪ್ಪಿಸಿದೆ. ಅವಳಿಗೆ ವಾರಕ್ಕೊಂದು ಊಟ, ದೀಪಾವಳಿಗೆ ಒಂದು ಚೂಡಿದಾರ್ ನಾನೇ ಹೊಲಿದು ಕೊಟ್ಟೆ. ಮಗ ಮೊದಲು ಪ್ರಶ್ನೆ ಸಂಖ್ಯೆ ಹೇಳಬೇಕು, ಒಂದೊಂದೇ ವಾಕ್ಯ ಹೇಳಿ ನಿಲ್ಲಬೇಕು, ಮೂರು ವಾಕ್ಯಕ್ಕೊಮ್ಮೆ "ಓದು" ಅನ್ನಬೇಕು. ಜ್ಯಾಮಿತಿಯೇ ಬಹಳ ಕಷ್ಟ. ರೇಖೆ ಎಲ್ಲಿಂದ ಎಲ್ಲಿಗೆ, ಕಂಪಾಸು ಎಲ್ಲಿ ಊರಬೇಕು ಅನ್ನುವುದನ್ನು ಮಾತಿನಲ್ಲೇ ಹೇಳಲು ಎರಡು ತಿಂಗಳು ಹಿಡಿಯಿತು. ಒಟ್ಟು ಮೂವತ್ತು ಭಾನುವಾರ ಆಗಿರಬಹುದು. ಆ ಹುಡುಗಿಯನ್ನೇ ಯಾಕೆ ಆರಿಸಿದೆ, ಏನು ನೋಡಿ ಆರಿಸಿದೆ ಅನ್ನುವುದು ನನ್ನಲ್ಲೇ ಇರಲಿ. ಇಷ್ಟು ಹೇಳುತ್ತೇನೆ, ಕ್ಲಾಸಿಗೆ ಫಸ್ಟ್ ಬರುವ ಮಗು ಬೇಡ.

ಸ್ಕ್ರೈಬ್ ಬೇಕು ಅನ್ನುವ ಅರ್ಜಿ ಹೆಡ್‌ಮಾಸ್ಟರ್ ಮೂಲಕವೇ ಹೋಗಬೇಕು. ಒಂದು ಕಚೇರಿಯಲ್ಲಿ ನಮ್ಮ ಫೈಲು ಆರು ವಾರ ಕೂತಿತ್ತು, ಕೇಳಿದರೆ "ಬಂದೇ ಇಲ್ಲ" ಅಂದರು. ಸ್ವೀಕೃತಿ ಸೀಲು ಹಾಕಿಸಿಕೊಂಡ ನಕಲು ನನ್ನ ಹತ್ತಿರ ಇದ್ದದ್ದರಿಂದ ಬಚಾವಾದೆ. ಎಲ್ಲದಕ್ಕೂ ನಾಲ್ಕು ಸೆಟ್ ಜೆರಾಕ್ಸ್ ಇರಲಿ.

ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಸುಮಾರು ಒಂದು ಗಂಟೆ ಜಾಸ್ತಿ ಸಿಕ್ಕಿತು. ಗಣಿತ ಬಿಟ್ಟರೆ ಬೇರೆ ಯಾವುದಕ್ಕೂ ಅವನಿಗೆ ಅದು ಪೂರ್ತಿ ಬೇಕಾಗಲಿಲ್ಲ. ಒಟ್ಟು ಖರ್ಚು, ವ್ಯರ್ಥವಾದ ದುಡ್ಡೂ ಸೇರಿ, 22,000 ದಾಟಿಲ್ಲ. ಅದರಲ್ಲಿ ನಿಜವಾಗಿ ಬೇಕಾಗಿದ್ದು ಬಸ್ ಚಾರ್ಜು, ಜೆರಾಕ್ಸು, ಸರ್ಕಾರಿ ಫೀಸು ಎಲ್ಲಾ ಸೇರಿ ಏಳೆಂಟು ಸಾವಿರ ಅಷ್ಟೇ.

ಬರೆದುಕೊಟ್ಟ ಹುಡುಗಿ ಮುಂದಿನ ವರ್ಷ ತಾನೇ ಎಸ್ಸೆಸ್ಸೆಲ್ಸಿಗೆ ಕೂತಳು. ನಾನು ಮಾಡಿದ್ದ ರೆಕಾರ್ಡಿಂಗ್ ಎಲ್ಲಾ ಅವಳ ಫೋನಿಗೆ ಹಾಕಿಕೊಟ್ಟೆ.